ಕೈ ಎತ್ತಿದರೆ ನಿಲ್ಲುವ ಟ್ಯಾಕ್ಸಿ, ಮತ್ತು ನನ್ನ ಮ್ಯಾನುಯಲ್ ಮೋಡ್

ಮೂರನೇ ಸಲವೂ ಟ್ಯಾಕ್ಸಿ ಸೀದಾ ನನ್ನ ಎದುರಿಗೆ ಬಂದು ನಿಂತೇಬಿಟ್ಟಿತು.

"ಅಂಕಲ್, ನಿಲ್ಲಿಸ್ಬೇಡಿ ಅಂದ್ನಲ್ಲಾ! ಓಡ್ತಾ ಇರೋದೇ ಬೇಕು ನಂಗೆ."

ಸಲೀಂ ಅಂಕಲ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾಚಿಕೊಂಡು ನಕ್ಕರು. "ಏನ್ ಮಾಡ್ಲಿ ಬೇಟಾ, ನೀನು ಕೈ ಎತ್ತಿದ್ ತಕ್ಷಣ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗ್ಬಿಡುತ್ತೆ."

ನಾನು ಫೋಟೋ ತೆಗೆಯಲು ರೆಡಿ ಎಂದು ತೋರಿಸಲು ಕೈ ಎತ್ತುತ್ತಿದ್ದೆ. ಇಷ್ಟು ವರ್ಷ ಟ್ಯಾಕ್ಸಿ ಓಡಿಸಿದವರಿಗೆ ರಸ್ತೆ ಬದಿಯಲ್ಲಿ ಯಾರಾದರೂ ಕೈ ಎತ್ತಿದರೆ ಇರುವುದು ಒಂದೇ ಅರ್ಥ. ತಪ್ಪು ನನ್ನದೇ ಬಿಡಿ!

ಇದು ಮೊನ್ನೆ ಭಾನುವಾರ ಬೆಳಿಗ್ಗೆ, ಜಕ್ಕೂರಿನ ಏರೋಡ್ರೋಮ್ ಕಡೆಯ ರಸ್ತೆಯಲ್ಲಿ ನಡೆದದ್ದು.

ಸಲೀಂ ಅಂಕಲ್ ಸಹಕಾರನಗರದಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಬಿಳಿ ಟ್ಯಾಕ್ಸಿಗೆ ವಯಸ್ಸಾಗಿದೆ, ಸೋಮವಾರ ಸ್ಕ್ರ್ಯಾಪ್‌ಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಶನಿವಾರ ಸಂಜೆ ಕಾಂಪೌಂಡ್ ಆಚೆಯಿಂದ ಮೆಲ್ಲಗೆ ಕೇಳಿದರು. "ಕ್ಯಾಮೆರಾ ತಗೊಂಡಿದ್ದೀಯಲ್ಲ, ನಾನು ಗಾಡಿ ಓಡಿಸ್ತಿರೋ ಹಾಗೆ ಒಂದು ಫೋಟೋ ತೆಗ್ದು ಕೊಡ್ತೀಯಾ?"

ಆ ಗಾಡಿಯ ಫೋಟೋಗಳಿಗೇನೂ ಅವರ ಹತ್ತಿರ ಬರವಿಲ್ಲ. ಆಯುಧಪೂಜೆಗೆ ಟ್ಯಾಕ್ಸಿ ಸ್ಟ್ಯಾಂಡಿನವರೆಲ್ಲ ಸೇರಿ ಹಾರ ಹಾಕಿದ್ದು, ಮಗಳ ಮದುವೆಗೆ ಹೂವು ಸುತ್ತಿದ್ದು... ಎಲ್ಲದರಲ್ಲೂ ಗಾಡಿ ನಿಂತಿದೆ, ಅಂಕಲ್ ಪಕ್ಕದಲ್ಲಿ ನಿಂತಿದ್ದಾರೆ. ಓಡಿಸುತ್ತಿರುವುದು ಒಂದೂ ಇಲ್ಲ.

ನಾನೋ... ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಎರಡು ತಿಂಗಳು. ಕಾರುಗಳ ಹುಚ್ಚು ಮೊದಲಿನಿಂದಲೂ ಇದೆ, ಆದರೆ ನಿಂತ ಕಾರುಗಳನ್ನು ಆಟೋ ಮೋಡ್‌ನಲ್ಲಿ ತೆಗೆದು ಮಾತ್ರ ಅಭ್ಯಾಸ. ಎಲ್ಲವನ್ನೂ ನಾವೇ ಹೊಂದಿಸಬೇಕಾದ ಮ್ಯಾನುಯಲ್ ಮೋಡ್ ಕಲಿಯಲು ಕೂತು ಒಂದು ವಾರವಾಗಿತ್ತು, ಅಷ್ಟೇ. ಆದರೂ ದೊಡ್ಡ ಫೋಟೋಗ್ರಾಫರ್ ಥರ "ಆಯ್ತು ಅಂಕಲ್" ಎಂದುಬಿಟ್ಟೆ.

ಸರಿ, ಕೈ ಎತ್ತುವುದನ್ನು ಬಿಟ್ಟೆ. ನಾಲ್ಕನೇ ರೌಂಡಿಗೆ ಅಂಕಲ್ ನಿಲ್ಲಿಸದೆ ಹೋದರು!

ಶಟರ್ ಸ್ಪೀಡನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟಿದ್ದೆ. ಬಾಗಿಲ ಮೇಲಿನ ಧೂಳೂ ಕಾಣುವಷ್ಟು ಶಾರ್ಪ್ ಬಂತು. ಟೀ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಂಕಲ್ ಹೆಂಡತಿ ನೂರ್ ಆಂಟಿಗೆ ಜಂಬದಿಂದ ತೋರಿಸಿದೆ.

"ಚೆನ್ನಾಗಿದೆ. ಆದ್ರೆ ಇದ್ರಲ್ಲೂ ನಿಂತೇ ಇದೆಯಲ್ಲಾ?"

ಹೌದಲ್ಲ! ಚಕ್ರದ ಒಂದೊಂದು ನಟ್ಟೂ ಎಣಿಸಬಹುದಿತ್ತು. ಶಟರ್ ಅಷ್ಟು ಬೇಗ ಮುಚ್ಚಿದರೆ ಓಡುವ ಗಾಡಿಯೂ ಪಾರ್ಕ್ ಮಾಡಿದ ಹಾಗೇ ಕಾಣುತ್ತದೆ ಎಂದು ಆಗ ಹೊಳೆಯಿತು.

ನಿಧಾನ ಮಾಡಿದೆ. ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗ. ಕ್ಲಿಕ್... ಪೂರ್ತಿ ಬೆಳ್ಳಗೆ! ಬಿಳಿ ಗಾಡಿ, ಬಿಳಿ ರಸ್ತೆ, ಬಿಳಿ ಆಕಾಶ. ಸ್ಕ್ರೀನ್ ಮೇಲೆ ಹಾಲು ಚೆಲ್ಲಿದ ಹಾಗಿತ್ತು.

ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಬೆಳಕೂ ಹೆಚ್ಚು ನುಗ್ಗುತ್ತದಲ್ಲ. ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎನ್ನುವ ಐಎಸ್‌ಒ, ಅದನ್ನು ನೂರಕ್ಕೆ ಇಳಿಸಿದೆ. ಬೆಳಕು ಒಳಗೆ ಬರುವ ಕಿಂಡಿ, ಅದೇ ಅಪರ್ಚರ್, ಅದನ್ನೂ ಚಿಕ್ಕದು ಮಾಡಿದೆ. ಮತ್ತೆ ಕ್ಲಿಕ್. ಸರಿಹೋಯಿತು!

ವಾರವಿಡೀ ಓದಿದರೂ ತಲೆಗೆ ಹತ್ತದ ವಿಷಯ ರಸ್ತೆ ಬದಿಯಲ್ಲಿ ಎರಡೇ ನಿಮಿಷಕ್ಕೆ ಅರ್ಥವಾಗಿತ್ತು. ನಿಂತಲ್ಲೇ ಕುಣಿದೆ. ಕೆರೆ ಕಡೆ ವಾಕಿಂಗ್ ಹೊರಟಿದ್ದವರು ತಿರುಗಿ ನೋಡಿದರು.

ಆದರೆ ಈಗ ಗಾಡಿಯೇ ಮಸುಕು. ಅದು ಹೋಗುವ ವೇಗದಲ್ಲೇ ಕ್ಯಾಮೆರಾವೂ ಜೊತೆಗೆ ತಿರುಗಬೇಕು, ಆಗ ಗಾಡಿ ಸ್ಪಷ್ಟವಾಗಿ ಉಳಿದು ಹಿಂದಿನದೆಲ್ಲ ಗೆರೆಗೆರೆ ಆಗುತ್ತದೆ. ಇದು ನನಗೆ ಗೊತ್ತಿತ್ತು, ನನ್ನ ಸೊಂಟಕ್ಕೆ ಗೊತ್ತಿರಲಿಲ್ಲ.

ಏಳು, ಎಂಟು, ಒಂಬತ್ತು... ಒಂದರಲ್ಲಿ ಬಂಪರ್ ಮಾತ್ರ ಸಿಕ್ಕಿದೆ, ಇನ್ನೊಂದರಲ್ಲಿ ಬರೀ ಡಿಕ್ಕಿ.

ಅಂಕಲ್ ಈ ಸಲ ತಾವಾಗಿಯೇ ನಿಲ್ಲಿಸಿದರು. ಡೀಸೆಲ್ ಮುಳ್ಳಿನ ಕಡೆ ಬೆರಳು ತೋರಿಸಿ, "ಇನ್ನೊಂದೇ ರೌಂಡ್ ಬೇಟಾ. ನಾಳೆ ಅಲ್ಲಿಗೆ ಹೋಗೋಕೆ ಉಳೀಬೇಕು. ಹೋಗೋ ಗಾಡಿಗೆ ಮತ್ತೆ ಹಾಕ್ಸೋಕೆ ನಂಗೆ ಮನಸ್ಸು ಬರ್ತಿಲ್ಲ" ಎಂದರು.

ಕಾಲು ಅಗಲಿಸಿ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದೆ. ಗಾಡಿ ದೂರದಲ್ಲಿ ಕಂಡಾಗಲೇ ಅಂಕಲ್ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದು, ಅವರ ಜೊತೆಗೇ ತಿರುಗುತ್ತಾ ಹೋದೆ... ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಲಿಲ್ಲ.

ಸ್ಕ್ರೀನ್ ನೋಡುತ್ತೇನೆ... ಸಿಕ್ಕಿದೆ! ಸಿಕ್ಕೇಬಿಟ್ಟಿದೆ!

ಮರ, ಗೋಡೆ ಎಲ್ಲ ಉದ್ದುದ್ದ ಗೆರೆಗಳಾಗಿವೆ, ಚಕ್ರ ಗಿರ್ರನೆ ತಿರುಗುತ್ತಿದೆ. ನಡುವೆ ಸಲೀಂ ಅಂಕಲ್, ಮೊಣಕೈ ಕಿಟಕಿಯ ಮೇಲೆ, ಕಣ್ಣು ರಸ್ತೆಯ ಮೇಲೆ.

"ಏನ್ ಸ್ಪೀಡಲ್ಲಿದ್ದೀನಿ ನೋಡು!" ಎಂದು ಅಂಕಲ್ ಜೋರಾಗಿ ನಕ್ಕರು. ಅಸಲಿಗೆ ಅವರು ಮೂವತ್ತರ ಮೇಲೆ ಹೋಗಿರಲಿಲ್ಲ.

ನೂರ್ ಆಂಟಿ ಮಾತ್ರ ನಗಲಿಲ್ಲ. ಕ್ಯಾಮೆರಾ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾ ನಿಂತರು.

"ದಿನಾ ಗೇಟ್ ಹತ್ರ ನಿಂತು ಕಳಿಸ್ತಿದ್ದೆ. ಆಮೇಲೆ ಇಡೀ ದಿನ ಇವರು ಹಿಂಗೆ ಇರ್ತಿದ್ರು ಅಂತ ಇವತ್ತು ನೋಡ್ದೆ."

ಕ್ಯಾಮೆರಾವನ್ನು ಇನ್ನಷ್ಟು ಹೊತ್ತು ಅವರ ಕೈಯಲ್ಲೇ ಬಿಟ್ಟೆ.

ಮನೆಗೆ ಬಂದು ನಮ್ಮ ಆಲ್ಬಮ್‌ಗಳನ್ನೆಲ್ಲ ತಿರುವಿ ಹಾಕಿದೆ, ಅಪ್ಪ ಕೆಲಸ ಮಾಡುತ್ತಿರುವ ಫೋಟೋ ಒಂದೂ ಸಿಗಲಿಲ್ಲ... ನಿಮ್ಮ ಮನೆಯಲ್ಲಿ ಇದೆಯಾ?