ನೋಡಲು ಬಂದವರ ಜೊತೆ ನಡಿಗೆ

ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಆಪರೇಷನ್ ಆಗಿತ್ತು. ಮೈಸೂರಿನ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿದರು: "ಗೆಡ್ಡೆ ಪೂರ್ತಿ ತೆಗೆದಿದ್ದೀವಿ. ಇನ್ನು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೋಬೇಕು. ನಾಲ್ಕು ವಾರ ದಿನಾ ಒಂದು ಇಂಜೆಕ್ಷನ್, ಚೆನ್ನಾಗಿ ನೀರು, ಆಗಾಗ ನಡಿಗೆ. ಒಂದು ಕಾಲು ಊದಿದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಬನ್ನಿ." ಹೆಪ್ಪು ಕಾಲಿನಿಂದ ಹೊರಟು ಶ್ವಾಸಕೋಶಕ್ಕೂ ಹೋಗಬಹುದು ಎಂದರು. ಅಷ್ಟನ್ನು ನನ್ನೆದುರು ಹೇಳಬಾರದಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಒಮ್ಮೆ ಅರ್ಧ ದಾರಿಗೆ ಮದ್ದೂರಿನಲ್ಲಿ ಇಳಿದು ವಾಪಸು ಬಸ್ಸು ಹತ್ತಿದ ಮನುಷ್ಯ ನಾನು.

ಅಕ್ಕನನ್ನು ಮಳವಳ್ಳಿಯ ನಮ್ಮ ಮನೆಗೇ ಕರೆತಂದೆವು. ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವುದನ್ನು ನರ್ಸಮ್ಮ ನನಗೆ ಕಲಿಸಿದ್ದರು. ಮೊದಲ ದಿನ ನಾನು ಸೂಜಿ ಹಿಡಿದು ಇಲ್ಲೋ ಅಲ್ಲೋ ಎಂದು ಮೂರು ಸಲ ಜಾಗ ಬದಲಿಸಿದ್ದು ನೋಡಿ ಅಕ್ಕ, "ಕೊಡ್ಲಾ ಇತ್ಲಾಗೆ! ಒಂದು ತೂತು ಸಾಕು, ನೀನು ಜರಡಿ ಮಾಡ್ಬುಡ್ತೀಯ" ಎಂದು ತಾನೇ ಚುಚ್ಚಿಕೊಂಡಳು.

ಸೂಜಿಗೆ ಹೆದರದವಳು ನೆಂಟರಿಗೆ ಹೆದರಿದಳು. ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಹೋಗದಿದ್ದರೆ ಮಾತು ಬಿಡುವಷ್ಟು ದೊಡ್ಡ ತಪ್ಪು. ನೋಡಲು ಹೋದಾಗ ರೋಗಿ ಮಲಗಿರದಿದ್ದರೆ ಅದೂ ತಪ್ಪೇ. ಬೆಳಗಿನ ಬಸ್ಸಿನಿಂದಲೇ ಜನ ಬ್ರೆಡ್ಡು, ಎಳನೀರು ಹಿಡಿದು ಬರುತ್ತಿದ್ದರು. ಗೇಟಿನ ಸದ್ದಾದರೆ ಸಾಕು, ಹಜಾರದಲ್ಲಿ ಅಡ್ಡಾಡುತ್ತಿದ್ದ ಅಕ್ಕ ಮಂಚ ಸೇರಿ, ಹೊದ್ದು, ಸಣ್ಣಗೆ ನರಳುತ್ತಿದ್ದಳು.

"ನಡೀಬೇಕಂತೆ ಕಣಕ್ಕ."

"ಅಷ್ಟು ದೂರದಿಂದ ಬತ್ತಾವ್ರೆ. ಓಡಾಡ್ತಿದ್ರೆ ಇವ್ಳಿಗೇನೂ ಆಗೇ ಇಲ್ಲ ಅನ್ನಲ್ವಾ?"

ಹೀಗೆ ಸಂಜೆಯವರೆಗೂ ಮಲಗಿರುತ್ತಿದ್ದಳು. ನಾನು ದಿನಾ ಟೇಪು ಹಿಡಿದು ಅವಳ ಮೀನಖಂಡ ಅಳೆಯತೊಡಗಿದೆ. ಮನೆಗೆ ಬಂದ ಒಂಬತ್ತನೆಯ ದಿನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ದಪ್ಪ! ಕಾರು ಮಾಡಿಕೊಂಡು ಮಂಡ್ಯಕ್ಕೆ ಓಡಿದೆವು. ಉಸಿರಾಟ ಸರಿಯಾಗಿದೆಯೇ ಎಂದು ನಾನು ದಾರಿಯುದ್ದಕ್ಕೂ ಕೇಳಿದೆ.

"ನೀನು ಬಾಯ್ಮುಚ್ಚಿದ್ರೆ ಆರಾಮಾಗಿ ಉಸ್ರಾಡ್ತೀನಿ ಕಣ್ಲಾ."

ಸ್ಕ್ಯಾನಿನಲ್ಲಿ ಹೆಪ್ಪು ಕಾಣಲಿಲ್ಲ. ಅಲ್ಲಿನ ಡಾಕ್ಟರಮ್ಮ ತಾವೇ ಅಳೆದರೆ ಎರಡೂ ಕಾಲು ಸಮ. "ಮೊಣಕಾಲಿಂದ ಎಷ್ಟು ಕೆಳಗೆ ಅಳೆದ್ರಿ?" ಎಂದರು. ನಾನು ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ, ಎರಡನ್ನೂ ಕಣ್ಣಂದಾಜಿನಲ್ಲಿ ಅಳೆದಿದ್ದೆ. ಅವರು ಜೋರಾಗಿ ನಕ್ಕರು. ಅಕ್ಕ ದಿನವಿಡೀ ಮಲಗಿರುವ ಕಾರಣ ಕೇಳಿದ ಮೇಲೆ ನಗು ನಿಂತಿತು.

"ಇವತ್ತು ಹೆಪ್ಪು ಇಲ್ಲ. ಹೀಗೇ ಮಲಗಿದ್ರೆ ನಾಳೆ ಆಗಬಹುದು. ನೆಂಟರನ್ನ ಬರಬೇಡಿ ಅನ್ನೋಕಾಗದಿದ್ರೆ ಅವರನ್ನೂ ನಡೆಸಿ."

ಅಕ್ಕ ಅದನ್ನೇ ಹಿಡಿದುಕೊಂಡಳು. ಮರುದಿನ ನಮ್ಮ ಸೋದರತ್ತೆ ಬಂದು ಮಂಚದ ಪಕ್ಕಕ್ಕೆ ಕುರ್ಚಿ ಎಳೆಯುತ್ತಿದ್ದಂತೆ, "ಕೂರ್ಬ್ಯಾಡ ಅತ್ತೆ, ನಡಿ. ಡಾಕ್ಟ್ರಮ್ಮ ನಿನ್ನೂ ನಡೆಸು ಅಂದವ್ರೆ" ಎಂದಳು.

"ಆಪರೇಸನ್ ಆಗಿರಾದು ನಿಂಗಾ, ನಂಗಾ?"

"ಏನೇನಾಯ್ತು ಅಂತ ಕೇಳ್ಬೇಕಾ ಬ್ಯಾಡ್ವಾ? ಕೇಳಾದಾದ್ರೆ ಬಾ."

ಅತ್ತೆ ಚಪ್ಪಲಿ ಮೆಟ್ಟಿದರು. ಅಂದಿನಿಂದ ಅದೇ ರೂಢಿಯಾಯಿತು. ರೋಗ ಗೊತ್ತಾದ ಕತೆ ಹಾಲಿನ ಡೈರಿಯವರೆಗೆ. ಆಪರೇಷನ್ನಿನ ಕತೆ ಅಲ್ಲಿಂದ ವಾಪಸು ಬರುವಾಗ. ಮೂರನೆಯ ವಾರಕ್ಕೆ ಕತೆ ಕೆರೆ ಏರಿಯವರೆಗೂ ಬೆಳೆದಿತ್ತು. ಹೊಲಿಗೆ ನೋಡುವ ಆಸೆಯಿದ್ದವರು ಪೂರ್ತಿ ನಡೆಯಲೇಬೇಕು. ಅರ್ಧದಲ್ಲಿ ಸುಸ್ತಾದವರನ್ನು ಸೇತುವೆ ಕಟ್ಟೆಯ ಮೇಲೆ ಕೂರಿಸಿ ಅಕ್ಕ ಮುಂದೆ ಹೋಗುತ್ತಿದ್ದಳು. ಎಲ್ಲರ ಹಿಂದೆ ನೀರಿನ ಬಾಟಲಿ ಹಿಡಿದು ನಾನು.

ಕಾಲು ಊದಲಿಲ್ಲ, ಉಸಿರೂ ಕಟ್ಟಲಿಲ್ಲ. ಕೊನೆಯ ಇಂಜೆಕ್ಷನ್ನಿನ ಬೆಳಿಗ್ಗೆ ಕೆರಗೋಡಿನಿಂದ ನಮ್ಮ ದೊಡ್ಡಮ್ಮನ ಇಬ್ಬರು ಹೆಣ್ಣುಮಕ್ಕಳು ಬಂದರು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು.

"ಇಲ್ಲಿ ನಡೆಸ್ತಾರೆ ಅಂತ ಅತ್ತೆ ಯೋಳಿದ್ರು" ಎಂದಳು ದೊಡ್ಡವಳು.

ಅಕ್ಕ ಸೂಜಿ ಚುಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸೂಜಿ ಮುಗೀತು, ನಡಿಗೆ ಮುಗ್ದಿಲ್ಲ, ಬನ್ರೇ" ಎಂದು ಹೊರಟೇಬಿಟ್ಟಳು. ನಾನು ಬಾಗಿಲಿಗೆ ಬೀಗ ಹಾಕಿ, ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿ ಬರುವಷ್ಟರಲ್ಲಿ ಮೂವರೂ ಡೈರಿ ದಾಟಿದ್ದರು. ನಗು ಮಾತ್ರ ಕೇಳುತ್ತಿತ್ತು.