ಓದಿದರೆ ಸುಳ್ಳು, ಕೇಳಿದರೆ ನಿಜ!

ಮೊನ್ನೆ ಕೊಪ್ಪಳದಿಂದ ಅಳವಂಡಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಅಜ್ಜನ ಜೀವವೇ ಹೋಗುವುದಿತ್ತು. ಕಾರಣ? ಅವರು ಫೋನಿನಲ್ಲಿ ಆಡಿದ ಒಂದು ಮಾತು.

"ದೋ ಬಚ್ಚೇ ಮಿಲೇ. ಥೈಲೀ ಮೇಂ ಡಾಲ್‌ಕೋ ಲಾರೌಂ."

ಎರಡು ಮಕ್ಕಳು ಸಿಕ್ಕಿವೆ, ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದೇನೆ! ಬಸ್ಸಿನವರಿಗೆ ಅರ್ಥವಾದದ್ದು ಹೀಗೆ.

ಆಗದೆ ಏನು? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾರದಿಂದ ಎಲ್ಲ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ಅಕ್ಷರದಲ್ಲಿ ಬಂದಾಗ ಯಾರೂ ಕ್ಯಾರೇ ಅನ್ನಲಿಲ್ಲ. ("ಎಚ್ಚರಿಕೆ! ಎಲ್ಲರಿಗೂ ಕಳಿಸಿ" ಎಂಬುದನ್ನು ಪೂರ್ತಿ ಓದುವವರು ಯಾರು ಹೇಳಿ?) ಅವತ್ತು ಬೆಳಿಗ್ಗೆ ಅದೇ ಸುದ್ದಿ ವಾಯ್ಸ್ ಮೆಸೇಜ್ ಆಗಿ ಬಂತು. ಯಾರೋ ಹೆಂಗಸು, ಬಿಕ್ಕುತ್ತ: "ಯವ್ವಾ, ಚೀಲದಾಗ ಹಾಕ್ಕೊಂಡು ಹೊಂಟಾರವ್ವಾ! ನಿಮ್ಮ ಕೂಸು ಜ್ವಾಕಿ!" ಥೇಟ್ ನಮ್ಮ ಸೋದರತ್ತೆಯ ದನಿ. ಅಳುವವರನ್ನು ಪುರಾವೆ ಕೇಳುವ ಅಭ್ಯಾಸ ನಮಗೆಲ್ಲಿದೆ?

ನನ್ನ ಪಕ್ಕದಲ್ಲಿದ್ದ ನಮ್ಮ ಓಣಿಯ ಗಂಗಕ್ಕ ಎದ್ದೇ ನಿಂತಳು. "ಏ ಮುದುಕಾ, ಚೀಲ ಬಿಚ್ಚು!"

ಅಜ್ಜ ಚೀಲವನ್ನು ಇನ್ನಷ್ಟು ಅವಚಿಕೊಂಡರು. "ಏನಿಲ್ರಿ ಯಕ್ಕಾ, ಬರೇ ಅರಿವಿ ಅದಾವ್ರಿ."

ಚೀಲದೊಳಗೆ ಆ ಬಟ್ಟೆ ಒದ್ದಾಡಿತು.

"ಅರಿವಿ ಒದಿತಾವೇನೋ?" ಒಬ್ಬ ಕಾಲರ್ ಹಿಡಿದ. ಇನ್ನೊಬ್ಬ ಕೈ ಎತ್ತಿದ. ಮತ್ತೊಬ್ಬ ವಿಡಿಯೋ ಶುರು ಮಾಡಿದ. ಡಿಗ್ರಿ ಓದಿದ ನಾನು "ತಡೀರಿ" ಎನ್ನಲು ಹೋದೆ. ಸೀಟು ಬಿಟ್ಟು ಏಳಲೇ ಇಲ್ಲ. ಆ ಎತ್ತಿದ ಕೈ ಈಗಲೂ ಕಣ್ಣೆದುರು ಬರುತ್ತದೆ. ಕೆಳಗೆ ಇಳಿದಿದ್ದರೆ?

ಅದು ಇಳಿಯುವ ಮೊದಲೇ ಚೀಲ ಮಾತಾಡಿತು. "ಮ್ಯಾಂ..."

ಆಡಿನ ಮರಿಗಳು! ಅಜ್ಜನ ಮನೆಮಾತಿನಲ್ಲಿ ಮಗುವೂ ಬಚ್ಚಾ, ಮರಿಯೂ ಬಚ್ಚಾ. ಎತ್ತಿದ ಕೈ ಮೆಲ್ಲಗೆ ತಲೆ ಕೆರೆದುಕೊಂಡಿತು. ಕಂಡಕ್ಟರ್ ಮುಂದೆ ಬಂದ. "ಯಜಮಾನ್ರ, ಇವಕ್ಕ ಟಿಕೆಟ್ ತಗೊಂಡೀರೇನು?"

"ಅದಕ್ಕ ಮುಚ್ಚಿಟ್ಟಿದ್ನೆಪ್ಪಾ!" ಎಂದರು ಅಜ್ಜ, ಅಳುದನಿಯಲ್ಲಿ.

ನಗು ನೋಡಬೇಕಿತ್ತು! ಕಾಲರ್ ಹಿಡಿದವನೇ ಮರಿಗಳ ಟಿಕೆಟ್ ತೆಗೆಸಿದ. ಗಂಗಕ್ಕ ಅಳವಂಡಿ ಬರುವವರೆಗೂ ಒಂದು ಮರಿಯನ್ನು ತೊಡೆಯಿಂದ ಇಳಿಸಲಿಲ್ಲ.

ಮುಗಿಯಿತು ಅಂದುಕೊಂಡೆ. ಸಂಜೆ ನಮ್ಮ ಓಣಿಯ ಗ್ರೂಪಿಗೆ ಆ ವಿಡಿಯೋ ಬಂತು, ಎತ್ತಿದ ಕೈಯವರೆಗೆ ಮಾತ್ರ. ಮೇಲೆ "ಮಕ್ಕಳ ಕಳ್ಳ ಸಿಕ್ಕ!" ಅಜ್ಜನ ಮುಖ ಸ್ಪಷ್ಟ. ನಾಳೆ ಅವರು ಸಂತೆಗೆ ಹೋಗುವುದು ಹೇಗೆ? ನಡೆದದ್ದನ್ನೆಲ್ಲ ಟೈಪ್ ಮಾಡಿ ಹಾಕಿದೆ, ಅಲ್ಪವಿರಾಮ ಸಮೇತ. ಬಂದ ಉತ್ತರ ಒಂದು ಹೆಬ್ಬೆರಳು. (ಅದೂ ನನ್ನ ತಮ್ಮನದು.)

ಗಂಗಕ್ಕ ಮನೆಗೇ ಬಂದಳು. "ನಿನ್ನ ಪುರಾಣ ಯಾರು ಓದ್ತಾರ? ತಾ ಇಲ್ಲಿ ಫೋನು!" ಬಟನ್ ಒತ್ತಿ ಶುರು ಮಾಡಿದಳು: "ನಾನು ಗಂಗಕ್ಕ. ಬಸ್ಸಿನಾಗ ನಾನೂ ಇದ್ದೆ. ಅವು ಕೂಸಲ್ಲ, ಆಡಿನ ಮರಿ! ಬೇಕಾರ ಕೇಳ್ರಿ. ಮ್ಯಾಂ..."

ಆ "ಮ್ಯಾಂ" ಕೂಡ ಗಂಗಕ್ಕನದೇ!

ಗ್ರೂಪಿಗೆ ಗ್ರೂಪೇ ನಂಬಿತು. ವಿಡಿಯೋ ಹಾಕಿದವನು ಅಳಿಸಿದ. ನಕ್ಕು ನಕ್ಕು ಎಲ್ಲರೂ ಗಂಗಕ್ಕನ ದನಿಯನ್ನೇ ಮುಂದೆ ಕಳಿಸಿದರು. ನಾನು ಆಗಷ್ಟೇ ನಿಟ್ಟುಸಿರು ಬಿಟ್ಟಿದ್ದೆ. ಹಿಂದಿನ ಓಣಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು:

"ಅದೆಲ್ಲಾ ಖರೇರಿ. ಆದ್ರ ಆ ಮರಿ ಯಾರ ಮನ್ಯಾಗ ಕದ್ದಾನಂತ?"