ತೂಗುವ ಕಮಾನಿಗೆ ಕಾದಿರುವ ಜಿಪಾರ್‌ಗುಲ್

ಸೂರ್ಯ ಇನ್ನೂ ಬೆಟ್ಟದಾಚೆ ಇದ್ದಾನೆ. ಜಿಪಾರ್‌ಗುಲ್ ದೂರದರ್ಶಕದ ಮಸೂರದ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಗಾಜನ್ನು ನಡುವಿನಿಂದ ಅಂಚಿನವರೆಗೆ ಒರೆಸುತ್ತಾರೆ. ಒಂದು ಸುತ್ತು ಒರೆಸಲು ಒಂದು ಹತ್ತಿಯುಂಡೆ, ದಿನಕ್ಕೆ ಏಳು. ಒಂದು ಕಣ ಧೂಳು ಉಳಿದರೂ ಅದೇ ಹೊಳೆದು, ಸೂರ್ಯನ ಸುತ್ತಲಿನ ಮಂಕು ಪ್ರಭೆಯನ್ನು, ಅಂದರೆ ಕರೋನಾವನ್ನು, ನುಂಗಿಬಿಡುತ್ತದೆ. ಆಮೇಲೆ ಹೊರಗೆ ಬಂದು, ಆಗಷ್ಟೇ ಮೂಡಿದ ಸೂರ್ಯನನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡುತ್ತಾರೆ. ಬೆರಳಿನ ಅಂಚಿನವರೆಗೂ ಆಕಾಶ ನೀಲಿಯಾಗಿದ್ದರೆ ಕೆಲಸ ಉಂಟು. ಬಿಳುಚಿಕೊಂಡಿದ್ದರೆ ಚಹಾ ಕುಡಿದು ಸುಮ್ಮನಿರಬೇಕು.

ಇವತ್ತು ನೀಲಿ. ಕೆಳಗಿನ ಹುಲ್ಲುಗಾವಲಿನಲ್ಲಿ ಕುರುಬ ಶಾರ್ಷೆನ್ ಕುದುರೆಯ ಮೇಲೆ ಕಾಯುತ್ತಿದ್ದಾನೆ.

"ಎಜೆ, ಕುರಿ ಬಿಡ್ಲಾ?" ಇಲ್ಲಿ ಅಕ್ಕನನ್ನು ಕರೆಯುವುದು ಹಾಗೆ.

"ಹತ್ತು ಗಂಟೆವರ್ಗೂ ತಡಿಯಪ್ಪ. ಅವು ಧೂಳೆಬ್ಬಿಸಿದ್ರೆ ನನ್ನ ದಿನ ಹೋಯ್ತು."

"ಮೂವತ್ತೊಂದು ವರ್ಷದಿಂದ ಆ ಸೂರ್ಯನನ್ನೇ ನೋಡ್ತಿದೀರ. ಅವನು ಒಂದ್ಸಲನಾದ್ರೂ ನಿಮ್ಕಡೆ ತಿರುಗಿದಾನಾ?"

"ನಿನ್ನ ಹೆಂಡ್ತಿ ನಿನ್ನ ಕಡೆ ತಿರುಗೋದಕ್ಕಿಂತ ಜಾಸ್ತಿನೇ ತಿರುಗಿದಾನೆ, ಸುಮ್ನಿರು."

ತಿಯೆನ್‌ಶಾನ್ ಪರ್ವತದಲ್ಲಿ ಮೂರು ಸಾವಿರದ ನೂರು ಮೀಟರ್ ಎತ್ತರದ ಈ ಸೂರ್ಯವೀಕ್ಷಣಾ ಕೇಂದ್ರಕ್ಕೆ ಜಿಪಾರ್‌ಗುಲ್ ಬಂದದ್ದು ಒಂದು ಬೇಸಿಗೆಯ ಅಡುಗೆಗೆಂದು. ಅಡುಗೆಯವಳ ಕೈ ನಡುಗುವುದಿಲ್ಲವೆಂದು ಕಂಡುಕೊಂಡ ಮುಖ್ಯಸ್ಥರು ಮಸೂರ ಒಪ್ಪಿಸಿದರು, ಬರಬರುತ್ತಾ ವೀಕ್ಷಣೆಯನ್ನೂ. ಹಿಮ ಬಿದ್ದರೆ ನಾಲ್ಕು ತಿಂಗಳು ದಾರಿ ಬಂದ್. ಕೆಳಗಿನ ನರಿನ್ ಪಟ್ಟಣದಲ್ಲಿ ಅಜ್ಜಿಯ ಬಳಿ ಬೆಳೆದ ಮಗಳು ನಡೆಯಲು ಕಲಿತದ್ದನ್ನು ಇವರು ಕಾಗದದಲ್ಲಿ ಓದಿದರು. ಇಷ್ಟಾಗಿ ಕರೋನಾ ಚೆನ್ನಾಗಿ ಕಾಣುವುದು ವರ್ಷಕ್ಕೆ ಎಪ್ಪತ್ತು ದಿನ.

ದೂರದರ್ಶಕದೊಳಗಿನ ಬಿಲ್ಲೆ ಸೂರ್ಯನ ಮುಖ ಮುಚ್ಚುತ್ತದೆ. ಅಂಚಿನಲ್ಲಿ ಕಾದ ಅನಿಲದ, ಅಂದರೆ ಪ್ಲಾಸ್ಮಾದ, ಕಮಾನುಗಳು ಏಳುತ್ತವೆ. ಭೂಮಿಯನ್ನೇ ಅವುಗಳ ಅಡಿಯಲ್ಲಿ ಉರುಳಿಸಬಹುದು. ಕೆಂಡದ ಹನಿಗಳು ಕಮಾನಿನ ಎರಡೂ ಕಾಲುಗಳಲ್ಲಿ ಇಳಿಯುವುದನ್ನು ಅವರು ವೀಕ್ಷಣೆಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ಗಂಟೆ ನಮೂದಿಸುತ್ತಾರೆ.

ಮೂವತ್ತು ವರ್ಷಗಳ ಹಿಂದೆ, ಕೆಲಸ ಕಲಿತ ಹೊಸತರಲ್ಲಿ, ಒಂದು ಕಮಾನು ಇಡಿಯಾಗಿ ಅತ್ತಿತ್ತ ತೂಗಿತು. ಕ್ಯಾಮೆರಾದಲ್ಲಿ ಫಿಲ್ಮ್ ಮುಗಿದಿತ್ತು. "ಒಣಗಿದ ಬಟ್ಟೆ ತೆಗೆದ್ಮೇಲೆ ಹಗ್ಗ ತೂಗತ್ತಲ್ಲ, ಹಂಗೆ," ಎಂದು ಎಜೆ ನೆನೆಯುತ್ತಾರೆ. " ಒಂದ್ಸಲ ಹೋಗಿ ಬರೋಕೆ ಐದು ನಿಮಿಷ. ನಾಲ್ಕು ಸಲ ತೂಗಿ ನಿಂತ್ಹೋಯ್ತು. ನಾನು ಉಸಿರೇ ಬಿಟ್ಟಿರ್ಲಿಲ್ಲ ಅನ್ಸತ್ತೆ."

ಅಂದು ರಾಜಧಾನಿಯಿಂದ ಅತಿಥಿಗಳು ಬಂದಿದ್ದರು. ಊಟದ ಹೊತ್ತಿಗೆ ಮುಖ್ಯಸ್ಥರು ಆ ವೀಕ್ಷಣೆಯ ಪುಸ್ತಕ ತಿರುವಿ ನಕ್ಕರು. "ಗಾಳಿಗೆ ದೂರದರ್ಶಕ ಅಲ್ಲಾಡಿರ್ಬೇಕು, ಅಲ್ವೇನಮ್ಮ?"

"ಇರ್ಬಹುದು ಮೇಷ್ಟ್ರೇ," ಎಂದರು ಜಿಪಾರ್‌ಗುಲ್. ತಾವು ಬರೆದಿದ್ದ ಸಾಲಿನ ಪಕ್ಕ ತಮ್ಮ ಕೈಯಿಂದಲೇ 'ಗಾಳಿ' ಎಂದು ಬರೆದರು.

"ಒಲೆ ಹೊಗೆ ನೆಟ್ಟಗೆ ಮೇಲೆ ಹೋಗ್ತಿತ್ತು. ಎಲೆನೂ ಅಲ್ಲಾಡ್ತಿರ್ಲಿಲ್ಲ. ಆದ್ರೆ ಹಿರಿಯರು, ಅದೂ ಬಂದವರ ಮುಂದೆ. ಹೆಂಗೆ ಎದುರಾಡೋದು?" ಎನ್ನುತ್ತಾರೆ ಈಗ.

ಕೆಲವು ವರ್ಷಗಳ ನಂತರ ಉಪಗ್ರಹಗಳು ಅಂಥ ತೂಗಾಟವನ್ನು ಕಂಡವು. ಆ ತೂಗಾಟದಿಂದಲೇ ಅಲ್ಲಿನ ಕಾಂತಬಲವನ್ನು ಅಳೆಯುತ್ತಾರೆ ಎಂದು ಇತ್ತೀಚೆಗೆ ಕೇಂದ್ರಕ್ಕೆ ಬಂದ ಸಂಶೋಧಕಿಯೊಬ್ಬಳು ಫೋನಿನಲ್ಲಿ ಚಿತ್ರ ತೋರಿಸಿದಳು. ಎಜೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಚೆನ್ನಾಗಿದೆ ಮಗಳೇ. ಆದ್ರೆ ಇದು ಬೇರೆಯವರು ಕಂಡಿದ್ದು."

ಮೇಷ್ಟ್ರು ಈಗಿಲ್ಲ. ಅವರ ಮೇಲೆ ಎಜೆಗೆ ಸಿಟ್ಟೂ ಇಲ್ಲ. ಸಿಟ್ಟು ತಮ್ಮದೇ ನಾಲಿಗೆಯ ಮೇಲೆ. ಮೂವತ್ತು ವರ್ಷ ಆ ಕಮಾನಿಗಾಗಿ ಹಂಬಲಿಸಿದ್ದಾರೆ; ಈ ಸೆಪ್ಟೆಂಬರಿಗೆ ನಿವೃತ್ತಿ.

ಇವತ್ತು ಪಶ್ಚಿಮದ ಅಂಚಿನಲ್ಲೊಂದು ಕಮಾನು ಎದ್ದಿದೆ. ಹತ್ತು ಗಂಟೆ ದಾಟಿದೆ. ಶಾರ್ಷೆನ್ ಕುರಿ ಬಿಡದೆ ಬಾಗಿಲಲ್ಲಿ ಬಂದು ನಿಂತಿದ್ದಾನೆ.

"ತೂಗ್ತಿದೆಯಾ, ಎಜೆ?"

"ಇಲ್ಲ." ಅವರು ಕಣ್ಣು ಎತ್ತುವುದಿಲ್ಲ. "ಇನ್ನೂ ಇಪ್ಪತ್ಮೂರು ದಿನ ಇದೆ. ಒಂದ್ಸಲ ತೂಗಿದ್ರೆ ಸಾಕು. ಹೆಸರು ಯಾರದ್ದಾದ್ರೂ ಹಾಕ್ಕೊಳ್ಲಿ. ಗಾಳಿ ಇತ್ತಾ ಅಂತ ಯಾರಾದ್ರೂ ನನ್ನ ಕೇಳ್ಬೇಕು. ಇರ್ಲಿಲ್ಲ ಅಂತ ನಾನು ಹೇಳ್ಬೇಕು."